ಶೀಟ್ ಲೆಕ್ಕ ಬಿಡಿ, ಫೋಟೋ ಲೆಕ್ಕ ಹೇಳಿ

ಆಷಾಢ ಬಂತು ಅಂದ್ರೆ ದಾವಣಗೆರೆ, ಚಿತ್ರದುರ್ಗದ ಸ್ಟುಡಿಯೋಗಳಲ್ಲಿ ಮದುವೆ ಕೆಲಸ ನಿಲ್ಲುತ್ತೆ, ಆಲ್ಬಂ ತಕರಾರು ಶುರುವಾಗುತ್ತೆ. ಬುಕಿಂಗ್ ದಿನ "ನಲವತ್ತು ಶೀಟು, ಬಾಕ್ಸು, ಬ್ಯಾಗು, ಮಿನಿ ಆಲ್ಬಂ ಫ್ರೀ" ಅಂತ ಹೇಳಿ ಕೈ ತೊಳ್ಕೊಂಡಿರ್ತೀವಲ್ಲ, ಎಲ್ಲಾ ಅಲ್ಲಿಂದಲೇ ಬರೋದು. ಶೀಟಲ್ಲಿ ಎಷ್ಟು ಫೋಟೋ ಕೂರುತ್ತೆ ಅಂತ ಹುಡುಗಿ ಅಪ್ಪನಿಗೆ ಹೆಂಗೆ ಗೊತ್ತಾಗಬೇಕು?

ಶೀಟು ಅಂದ್ರೆ ಆಲ್ಬಂ ಬಿಚ್ಚಿದಾಗ ಎದುರುಬದುರು ಕಾಣೋ ಎರಡು ಪುಟ, ನಡುವೆ ಮಡಿಕೆ. 12×36 ಇಂಚಿನ ಶೀಟಿಗೆ ನಾಲ್ಕೈದು ಫೋಟೋ ಚೆಂದ. ನಲವತ್ತು ಶೀಟಿಗೆ ಇನ್ನೂರರ ಒಳಗೆ. ಮನೆಯವರು ಆರುನೂರು ಆರಿಸಿ ಕಳಿಸ್ತಾರೆ, ನಾವೂ ಇಲ್ಲ ಅನ್ನಲಾಗದೆ ಶೀಟಿಗೆ ಹದಿನೈದು ತುರುಕ್ತೀವಿ. ಎರಡು ಸಾಲಲ್ಲಿ ನಿಂತ ಇಪ್ಪತ್ತು ಜನರ ಗ್ರೂಪ್ ಫೋಟೋನ 12 ಇಂಚು ಅಗಲಕ್ಕಿಟ್ಟರೆ ಒಂದೊಂದು ಮುಖ ಸುಮಾರು ಅರ್ಧ ಇಂಚು. ಆರು ಇಂಚಿಗಿಳಿಸಿದರೆ ಕಡಲೆಕಾಳು. ಆಲ್ಬಂ ಕೈಗೆ ಬಂದಾಗ ಸೋದರತ್ತೆ ಮೊದಲು ಹುಡುಕೋದು ತನ್ನ ಮುಖ, ಧಾರೆ ಅಲ್ಲ. ಅದಕ್ಕೇ ಬಿಲ್ಲಲ್ಲಿ ಶೀಟಿನ ಪಕ್ಕ "200 ಫೋಟೋ" ಅಂತಲೂ ಬರೀರಿ, ಅದಕ್ಕಿಂತ ಹೆಚ್ಚಾಗೋ ಪ್ರತಿ ಶೀಟಿಗೆ ಬೇರೆ ರೇಟು ಹಾಕಿ.

ಆಯ್ಕೆಗೆ ಫೋಟೋಗಳನ್ನು ಪೆನ್‌ಡ್ರೈವಲ್ಲೇ ಕೊಡಿ, ನಂಬರ್ ಬರೆದು ಕಳಿಸಿ ಅನ್ನಿ. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದರೆ ಫೈಲ್ ಹೆಸರೇ ಬದಲಾಗುತ್ತೆ, ಆಮೇಲೆ ಮೂರು ಸಾವಿರದಲ್ಲಿ ಕಣ್ಣಲ್ಲೇ ಹುಡುಕಬೇಕು. ಗಂಡಿನ ಕಡೆ, ಹೆಣ್ಣಿನ ಕಡೆ ಇಬ್ಬರದ್ದೂ ಪಟ್ಟಿ ಬರೋವರೆಗೆ ಡಿಸೈನ್ ಮುಟ್ಟಲೇಬೇಡಿ.

300 ಡಿಪಿಐಗೆ, ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕಕ್ಕೆ, ಒಂದು ಶೀಟಿನ ಫೈಲು 10800×3600 ಪಿಕ್ಸೆಲ್. ಮಡಿಕೆ 5400ರಲ್ಲಿ ಬೀಳುತ್ತೆ. ಅದರ ಎಡಬಲಕ್ಕೆ ಅರ್ಧರ್ಧ ಇಂಚು, ಅಂದರೆ 150 ಪಿಕ್ಸೆಲ್, ಮುಖ ಇರಬಾರದು. ಮಾಂಗಲ್ಯ ಧಾರಣೆ ಫೋಟೋ ಶೀಟು ತುಂಬ ಹಾಕುವಾಗಲೇ ಈ ತಪ್ಪು ಜಾಸ್ತಿ: ತಾಳಿ ಹಿಡಿದ ಕೈ ನಡುವಿಗೆ ಬಂದು ಮಡಿಕೇಲಿ ಮುರಿದು ಕಾಣುತ್ತೆ. ಜೋಡಿನ ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದು ಪಕ್ಕ ಹೂವಿನ ಮಂಟಪಕ್ಕೇ ಬಿಡಿ. ಟೆಂಪ್ಲೇಟಿನ ಗುಲಾಬಿ, ಪಾರಿವಾಳ, ಇಂಗ್ಲಿಷ್ ಪ್ರೇಮವಾಕ್ಯ ಯಾರೂ ಕೇಳಿರಲ್ಲ ಬಿಡಿ. ಅಂಚಲ್ಲಿ ಕಟಿಂಗಿಗೆ ಕಾಲು ಇಂಚು ಜಾಗ ಇರಲಿ.

ಬಣ್ಣದಲ್ಲಿ ಕೆಡೋದು ಅರಿಶಿನ ಶಾಸ್ತ್ರ. ಆಟೋ ಕಲರ್ ಒತ್ತಿದರೆ ಸಾಫ್ಟ್‌ವೇರು ಹಳದೀನ ದೋಷ ಅಂದ್ಕೊಂಡು ತೆಗೆಯುತ್ತೆ, ಮದುಮಗಳು ಜ್ವರ ಬಂದವಳ ಹಾಗೆ ಬಿಳಿಚಿಕೊಳ್ತಾಳೆ. ಅಲ್ಲೇ ಇರೋ ಬಿಳಿ ಪಂಚೆ ಬಿಳಿಯಾಗೇ ಕಾಣೋ ಹಾಗೆ ಕೈಯಲ್ಲೇ ಸರಿಮಾಡಿ. ಫೈಲು ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಸೆಟ್ಟಿಂಗಲ್ಲೇ ಪ್ರಿಂಟ್ ಲ್ಯಾಬಿಗೆ ಹೋಗಲಿ. ಮಾನಿಟರ್ ಬೆಳಕು ಪೂರ್ತಿ ಏರಿಸಿ ಕೆಲಸ ಮಾಡಿದರೆ ಪ್ರಿಂಟು ಕಪ್ಪಾಗಿ ಬರುತ್ತೆ, ಬೈಗುಳ ಮಾತ್ರ ಲ್ಯಾಬಿಗೆ. ಮೊದಲು ಒಂದೇ ಶೀಟು ತೆಗೆಸಿ ನೋಡಿ.

ಪ್ರಿಂಟಿಗೆ ಮುಂಚೆ ಪ್ರತಿ ಶೀಟಿಗೂ ಮನೆಯವರ ಒಪ್ಪಿಗೆ ಇರಲಿ, ತಿದ್ದುಪಡಿ ಎರಡೇ ಸಲ. ಕವರ್ ಮೇಲಿನ ಹೆಸರನ್ನು ಲಗ್ನಪತ್ರಿಕೆ ನೋಡಿಯೇ ಟೈಪ್ ಮಾಡಿ. ಬಾಕಿ ದುಡ್ಡೂ ಆಗಲೇ ತಗೊಳ್ಳಿ. ಪ್ರಿಂಟಾದ ಆಲ್ಬಂನ ಬೇರೆ ಯಾರಿಗೆ ಮಾರ್ತೀರಾ?