ಹನುಮಂತನ ಗೆಲುವನ್ನು ಆಟದ ಗೆಲುವೆಂದೇ ಒಪ್ಪಿಕೊಳ್ಳೋಣ

2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯ ಹನುಮಂತ ಲಮಾಣಿ ಕನ್ನಡ ಬಿಗ್‌ ಬಾಸ್‌ನ 11ನೇ ಸೀಸನ್ ಗೆದ್ದಾಗ ನಾವೆಲ್ಲ ಸಂಭ್ರಮಿಸಿದೆವು. ಆದರೆ ಆ ಗೆಲುವಿನ ಬಗ್ಗೆ ಈ ಭಾಗದಲ್ಲಿ ಇಂದಿಗೂ ಕೇಳಿಬರುವ ಮಾತೊಂದು ನನಗೆ ಒಪ್ಪಿಗೆಯಾಗುವುದಿಲ್ಲ. "ಪಾಪ, ಹಳ್ಳಿ ಹುಡುಗ, ಅವಂಗ ಗೇಮ್ ಆಡಾಕ ಬರಂಗಿಲ್ಲ, ಅದಕ್ಕ ಗೆದ್ದ" ಎಂದು ಜನ ಪ್ರೀತಿಯಿಂದಲೇ ಹೇಳುತ್ತಾರೆ. ಈ ಪ್ರೀತಿಯ ಮಾತು ಅವನ ಬುದ್ಧಿವಂತಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜೊತೆಗೆ, ತಂತ್ರ ಹೂಡುವವರೆಲ್ಲ ಕೆಟ್ಟವರು ಎಂಬ ತೀರ್ಪನ್ನೂ ಸದ್ದಿಲ್ಲದೆ ಕೊಟ್ಟುಬಿಡುತ್ತದೆ.

ಆಟದ ರಚನೆಯನ್ನೇ ಒಮ್ಮೆ ನೋಡಿ. ಅಮೆರಿಕದ 'ಸರ್ವೈವರ್' ಸ್ಪರ್ಧೆಯಲ್ಲಿ ಸ್ಪರ್ಧಿಗಳೇ ಒಬ್ಬರನ್ನೊಬ್ಬರು ಮತ ಹಾಕಿ ಹೊರಗೆ ಕಳಿಸುತ್ತಾರೆ. ಕೊನೆಯಲ್ಲಿ ಗೆದ್ದವರು ಯಾರೆಂದು ತೀರ್ಮಾನಿಸುವುದೂ ಹಾಗೆ ಹೊರಬಿದ್ದವರೇ. ನಮ್ಮ ಬಿಗ್‌ ಬಾಸ್‌ನಲ್ಲಿ ಯಾರು ಹೊರಹೋಗಬೇಕೆಂದು ಹೆಸರು ಸೂಚಿಸುವವರು, ಅಂದರೆ ನಾಮಿನೇಟ್ ಮಾಡುವವರು, ಬಿಗ್‌ ಬಾಸ್ ಮನೆಯೊಳಗಿನ ಸ್ಪರ್ಧಿಗಳು; ಮತ ಹಾಕಿ ಉಳಿಸುವವರು ಟಿ.ವಿ. ಮುಂದೆ ಕುಳಿತ ನಾವು. ಹೀಗಾಗಿ ಇಲ್ಲಿನ ಸ್ಪರ್ಧಿ ಏಕಕಾಲಕ್ಕೆ ಎರಡು ಕಡೆ ಆಡಬೇಕಾಗುತ್ತದೆ: ಒಳಗಿರುವವರ ಸಿಟ್ಟಿಗೆ ಗುರಿಯಾಗಬಾರದು, ಹೊರಗಿರುವವರ ಮನಸ್ಸಿನಿಂದ ಮರೆಯಾಗಲೂಬಾರದು. ವೈಲ್ಡ್ ಕಾರ್ಡ್ ಮೂಲಕ ತಡವಾಗಿ ಮನೆ ಹೊಕ್ಕು, ಆಗಲೇ ಕಟ್ಟಿಕೊಂಡಿದ್ದ ಗುಂಪುಗಳ ನಡುವೆ ಜಾಗ ಮಾಡಿಕೊಂಡು, ಅನಗತ್ಯ ಜಗಳಕ್ಕೆ ಇಳಿಯದೆ, ಸಹಸ್ಪರ್ಧಿ ಧನರಾಜ್ ಅವರಂತಹ ಒಬ್ಬ ಗಟ್ಟಿ ದೋಸ್ತನನ್ನು ಗಳಿಸಿಕೊಂಡು, ಕ್ಯಾಪ್ಟನ್ ಆಗಿ, ಫಿನಾಲೆಯ ಟಿಕೆಟ್ಟನ್ನು ಟಾಸ್ಕ್ ಆಡಿಯೇ ಪಡೆದವನನ್ನು ಆಟ ಬಾರದವನೆಂದು ಹೇಗೆ ಕರೆಯುವುದು? ಎಲ್ಲಿ ಮಾತನಾಡಬೇಕು, ಎಲ್ಲಿ ನಕ್ಕು ಸುಮ್ಮನಾಗಬೇಕು ಎಂಬುದು ಅವನಿಗೆ ತಿಳಿದಿತ್ತು. ಇವನು ಕಾಣುವಷ್ಟು ಮುಗ್ಧನಲ್ಲ ಎಂದು ಮನೆಯೊಳಗಿನ ಕೆಲವರು ಹೇಳಿದಾಗ ನಾವು ಅವರ ಮೇಲೆ ಹರಿಹಾಯ್ದೆವು. ನನ್ನ ದೃಷ್ಟಿಯಲ್ಲಿ ಅವರು ಅವನನ್ನು ನಮಗಿಂತ ಸರಿಯಾಗಿ ಅಳೆದಿದ್ದರು.

ನಮ್ಮ ಕಡೆಯ ಜಾತ್ರೆಗಳ ಕುಸ್ತಿ ಕಣದಲ್ಲಿ ಎದುರಾಳಿಯ ತೂಕವನ್ನೇ ಬಳಸಿ ಅವನನ್ನು ಚಿತ್ ಮಾಡುವ ಪೈಲ್ವಾನನ ಡಾವಿಗೆ ಜನ ಎದ್ದು ನಿಂತು ಶಿಳ್ಳೆ ಹೊಡೆಯುತ್ತಾರೆ. ಅದೇ ಪೈಲ್ವಾನ ಕಣ್ಣಿಗೆ ಬೆರಳಿಟ್ಟರೆ ಅದೇ ಜನ ಕಣದಿಂದ ಇಳಿಸುತ್ತಾರೆ. ಟಿ.ವಿ. ಮುಂದೆ ಕುಳಿತಾಗ ನಮ್ಮ ಈ ವಿವೇಕ ಎಲ್ಲಿ ಹೋಗುತ್ತದೆ? ಮೈತ್ರಿ ಬದಲಿಸಿದವರನ್ನು, ಯೋಚಿಸಿ ನಾಮಿನೇಟ್ ಮಾಡಿದವರನ್ನು ನಾವು ದ್ರೋಹಿಗಳೆಂದು ಜರಿಯುತ್ತೇವೆ. ಕೈ ಎತ್ತಿದವರನ್ನು, ಬಾಯಿಗೆ ಬಂದದ್ದನ್ನು ಆಡಿದವರನ್ನು ಮಾತ್ರ "ನೇರ ಮನುಷ್ಯ, ಮುಚ್ಚಿಡೋದು ಗೊತ್ತಿಲ್ಲ" ಎಂದು ಹೊಗಳುತ್ತೇವೆ.

ಅದೇ 11ನೇ ಸೀಸನ್ನಿನಲ್ಲಿ, 2024ರ ಅಕ್ಟೋಬರ್‌ನಲ್ಲಿ, ಮಾತಿಗೆ ಮಾತು ಬೆಳೆದು ತಳ್ಳಾಟದವರೆಗೆ ಹೋದಾಗ ಸ್ಪರ್ಧಿಗಳಾದ ಜಗದೀಶ್ ಮತ್ತು ರಂಜಿತ್ ಇಬ್ಬರನ್ನೂ ಮನೆಯಿಂದ ಹೊರಗೆ ಕಳಿಸಲಾಯಿತು. ಆ ನಿರ್ಧಾರ ಸರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಹೊರಗೆ ನಡೆದ ಚರ್ಚೆಯಲ್ಲಿ, ಅವರಿಲ್ಲದಿದ್ದರೆ ಮನರಂಜನೆಯೇ ಇಲ್ಲ, ಮರಳಿ ಕರೆತನ್ನಿ ಎಂಬ ಕೂಗು ಎದ್ದಿತು. ಹಿಂದಿನ ಸೀಸನ್ನಿನ ಟಾಸ್ಕ್ ಒಂದರಲ್ಲಿ ಸೋಪಿನ ನೀರು ಎರಚಿದ್ದರಿಂದ ಸ್ಪರ್ಧಿಗಳಾದ ಸಂಗೀತಾ ಮತ್ತು ಪ್ರತಾಪ್ ಕಣ್ಣಿಗೆ ಪೆಟ್ಟು ಮಾಡಿಕೊಂಡು, ಆಸ್ಪತ್ರೆಗೆ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು ಮರಳಿದ್ದನ್ನೂ ನಾವು ನೋಡಿದ್ದೇವೆ. ಆಗಲೂ ನೋವಿಗಿಂತ ಮೊದಲು, ನೋವಾದವರು ಯಾರ ಕಡೆಯವರು ಎಂಬುದನ್ನು ನೋಡಿ ಪ್ರತಿಕ್ರಿಯಿಸಿದವರಿದ್ದರು.

ತಿರುವುಗಳ ವಿಷಯದಲ್ಲೂ ನಮ್ಮ ಅಳತೆಗೋಲು ಹೀಗೆಯೇ ಬದಲಾಗುತ್ತದೆ. ವೈಲ್ಡ್ ಕಾರ್ಡ್ ನಮ್ಮ ಹುಡುಗನನ್ನು ಒಳಗೆ ತಂದರೆ ಅದು ಒಳ್ಳೆಯ ತಿರುವು. ನಮಗೆ ಬೇಡದವರು ಎಲಿಮಿನೇಷನ್‌ನಿಂದ ಪಾರಾದರೆ ಮಾತ್ರ ಎಲ್ಲವೂ ಸ್ಕ್ರಿಪ್ಟೆಡ್. ಇಡೀ ದಿನದ ಚಿತ್ರೀಕರಣದಲ್ಲಿ ನಮಗೆ ತೋರಿಸುವುದು ಒಂದೂವರೆ ಗಂಟೆಯಷ್ಟನ್ನು ಮಾತ್ರ. ಆ ಆಯ್ಕೆಯಲ್ಲಿ ವಾಹಿನಿಯ ಕೈವಾಡ ಇದ್ದೇ ಇದೆ, ಅದನ್ನು ಪ್ರಶ್ನಿಸಬೇಕು. ಆದರೆ ನಮ್ಮವರು ಗೆದ್ದ ವಾರದಲ್ಲೂ ಪ್ರಶ್ನಿಸಿದರೆ ಮಾತ್ರ ಆ ಪ್ರಶ್ನೆಗೆ ಬೆಲೆ ಬರುತ್ತದೆ. 11ನೇ ಸೀಸನ್ನಿನ ಆರಂಭದ ಸ್ವರ್ಗ-ನರಕದ ತಿರುವನ್ನೇ ತೆಗೆದುಕೊಳ್ಳಿ. ಒಂದು ಗುಂಪಿಗೆ ಸೌಕರ್ಯ, ಇನ್ನೊಂದು ಗುಂಪಿಗೆ ಗಂಜಿ ಮತ್ತು ಕಟ್ಟುಪಾಡು. ನರಕದಲ್ಲಿದ್ದ ಮಹಿಳೆಯರ ಖಾಸಗಿತನ ಮತ್ತು ಶೌಚಾಲಯದ ವ್ಯವಸ್ಥೆಯ ಬಗೆಗಿನ ದೂರು ರಾಜ್ಯ ಮಹಿಳಾ ಆಯೋಗದವರೆಗೂ ಹೋಯಿತು, ಮುಂದೆ ಆ ವಿಭಾಗವನ್ನೇ ಕೈಬಿಡಲಾಯಿತು. ಅಂತಹ ಪ್ರಶ್ನೆಯನ್ನು ಯಾವ ಸ್ಪರ್ಧಿಯ ಅಭಿಮಾನಿಗಳಾದರೂ ಮೊದಲು ಎತ್ತಬಹುದಿತ್ತು.

ಮಹಿಳಾ ಸ್ಪರ್ಧಿಗಳ ವಿಷಯದಲ್ಲಿ ನಾವು ಇನ್ನೂ ಕಠೋರರು. ಗಂಡಸು ಗಟ್ಟಿ ದನಿಯಲ್ಲಿ ವಾದಿಸಿದರೆ ಖಡಕ್ ಆಸಾಮಿ ಎನ್ನುವವರು, ಹೆಣ್ಣುಮಗಳು ಅದನ್ನೇ ಮಾಡಿದರೆ ಅವಳ ನಡತೆ, ಉಡುಪು, ಮದುವೆಯ ಮಾತು ತೆಗೆಯುತ್ತಾರೆ. ಹುಬ್ಬಳ್ಳಿ, ಹಾವೇರಿಯ ನನ್ನ ಪರಿಚಿತರಲ್ಲಿ ಎದುರಿಗೆ ಕುಳಿತಾಗ ಯಾವ ಹೆಣ್ಣುಮಗಳನ್ನೂ "ಅಕ್ಕಾರ", "ತಂಗಿ" ಎನ್ನದೆ ಮಾತನಾಡಿಸದ ಸಭ್ಯರೇ ಮೊಬೈಲಿನಲ್ಲಿ ಹಾಗೆ ಬರೆದದ್ದನ್ನು ಓದಿ ನನಗೆ ನಿಜಕ್ಕೂ ದುಃಖವಾಗಿದೆ. ಒಳಗಿರುವವರ ಕೈಯಲ್ಲಿ ಫೋನ್ ಇರುವುದಿಲ್ಲ, ಆ ಮಾತು ಅವರಿಗೆ ಕೂಡಲೇ ತಲುಪುವುದಿಲ್ಲ. ಅದನ್ನು ಮೊದಲು ಓದುವವರು ಮನೆಯಲ್ಲಿರುವ ಅವರ ತಾಯಿ, ತಂಗಿ, ಮಕ್ಕಳು. ಅವರು ಯಾವ ಒಪ್ಪಂದಕ್ಕೂ ಸಹಿ ಹಾಕಿದವರಲ್ಲ.

ಹನುಮಂತನಿಗೆ 5 ಕೋಟಿಗೂ ಹೆಚ್ಚು ಮತ ಬಂದವೆಂದು ಘೋಷಿಸಲಾಯಿತು. ಒಬ್ಬರೇ ಹಲವು ಮತ ಹಾಕಬಹುದಾದ್ದರಿಂದ ಅದು 5 ಕೋಟಿ ಜನರ ಲೆಕ್ಕವಲ್ಲ, ಆದರೂ ಅದರ ಹಿಂದಿನ ಅಭಿಮಾನ ದೊಡ್ಡದು. ಕುರಿ ಕಾಯುತ್ತಿದ್ದ ಲಂಬಾಣಿ ಸಮುದಾಯದ ಹುಡುಗನೊಬ್ಬ ತನ್ನ ಲುಂಗಿ, ಟವೆಲ್ ಮತ್ತು ಹಾವೇರಿಯ ಮಾತನ್ನು ಬಿಡದೆ ರಾಜ್ಯದ ಮನ ಗೆದ್ದದ್ದು ನನ್ನ ಪಾಲಿಗೂ ಹೆಮ್ಮೆಯ ಸಂಗತಿಯೇ. ಆ ಹೆಮ್ಮೆಯಲ್ಲಿ ಅವನ ಚಾಣಾಕ್ಷತನಕ್ಕೂ ಪಾಲು ಸಿಗಬೇಕು. ಬೆಂಗಳೂರಿನವರು ಯೋಚಿಸಿ ಆಡುತ್ತಾರೆ, ನಮ್ಮವರು ತಿಳಿಯದೆ ಗೆಲ್ಲುತ್ತಾರೆ ಎಂಬ ಚಿತ್ರವನ್ನು ನಮ್ಮ ಬಗ್ಗೆ ನಾವೇ ಬರೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಮುಂದಿನ ಸೀಸನ್ನಿಗೆ ಧಾರವಾಡದಿಂದಲೋ ಗದಗಿನಿಂದಲೋ ಒಬ್ಬ ಹೆಣ್ಣುಮಗಳು ಹೋಗಿ, ಲೆಕ್ಕ ಹಾಕಿ ನಾಮಿನೇಟ್ ಮಾಡಿ, ಬೇಕಾದಾಗ ಗುಂಪು ಬದಲಿಸಿ, ಯಾರಿಗೂ ಅವಮಾನ ಮಾಡದೆ ಆಡಿದರೆ, ಅವಳು ತಂತ್ರಗಾರ್ತಿ ಎಂಬ ಕಾರಣಕ್ಕೇ ನಾನು ಅವಳಿಗೆ ಮತ ಹಾಕುತ್ತೇನೆ.