ಬೆನ್ನ ಕೊನೆಯ ಕೋಗಿಲೆ

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಮೊನ್ನೆ ಕುರ್ಚಿ ಇದೆ ಅಂದುಕೊಂಡು ಕೂತೆ. ಇರಲಿಲ್ಲ. ಮಗ ಎಳೆದುಕೊಂಡು ಹೋಗಿದ್ದ.

"ಬಾಲದ ಮೂಳೆ ನೋಯ್ತಿದೆ ಡಾಕ್ಟ್ರೇ" ಅಂದೆ. ಒತ್ತಿ ನೋಡಿದರು, ಕಿರುಚಿದೆ. ಚೀಟಿಯಲ್ಲಿ ಬರೆದರು: 'ಅಕ್ಯೂಟ್ ಕಾಕ್ಸಿಡಿನಿಯಾ'. ಎದೆ ಧಸಕ್ಕೆಂದಿತು. ಇಷ್ಟುದ್ದ ಹೆಸರಿನ ಕಾಯಿಲೆ ನಮ್ಮ ವಂಶದಲ್ಲೇ ಯಾರಿಗೂ ಬಂದಿಲ್ಲ. ಹೊರಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಅರ್ಥ ಏನು ಗೊತ್ತಾ? ಬಾಲದ ಮೂಳೆ ನೋವು! ನಾನು ಕನ್ನಡದಲ್ಲಿ ಕೊಟ್ಟಿದ್ದನ್ನೇ ಗ್ರೀಕಿನಲ್ಲಿ ವಾಪಸ್ ಕೊಟ್ಟಿದ್ದರು. ಫೀಸು ಬೇರೆ.

ಅಲ್ಲಿಗೆ ಮುಗಿಯುತ್ತಿತ್ತು, ಭಾವ ಇಲ್ಲದಿದ್ದರೆ. ಯಾರ ಮನೆಯ ರಿಪೋರ್ಟೇ ಇರಲಿ, ಕನ್ನಡಕ ಏರಿಸಿ ಜೋರಾಗಿ ಓದುವುದು ಅವರ ಚಟ. "ಅಕ್ಯೂಟ್ ಅಂತ ಬರೆದಿದ್ದಾರಲ್ಲೋ!" ಎಂದು ಅಕ್ಕನ ಕಡೆ ನೋಡಿದರು. ಅಕ್ಕ ಸೆರಗಿಗೆ ಕೈ ಹಾಕಿದಳು. ಅಕ್ಯೂಟ್ ಅಂದರೆ ಹೊಸದಾಗಿ ಶುರುವಾದದ್ದು ಅಷ್ಟೇ, ಹಳೇದಾದರೆ ಕ್ರಾನಿಕ್ ಅಂತಾರೆ ಎಂದೆ. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮನಿಗೆ ಫೋನ್ ಹೋಗಿತ್ತು. ಎಕ್ಸ್‌ರೇಯಲ್ಲಿ 'ಅನ್‌ರಿಮಾರ್ಕಬಲ್' ಅಂತಿತ್ತು. ಅಂದರೆ ಎಲ್ಲ ಸರಿಯಾಗಿದೆ ಅಂತ. ಭಾವನಿಗೆ ಬೇಜಾರಾಯಿತು. "ನಿನ್ನ ಮೂಳೆ ಹೇಳಿಕೊಳ್ಳೋ ಹಾಗಿಲ್ವಂತೆ." ಕೊನೆಗೆ 'ಫ್ರಾಕ್ಚರ್‌ಗೆ ನೆಗೆಟಿವ್' ಎಂಬ ಸಾಲು ಬಂತು, ಅಂದರೆ ಮೂಳೆ ಮುರಿದಿಲ್ಲ ಅಂತ. ಭಾವ ನನ್ನ ಬೆನ್ನು ತಟ್ಟಿ, "ನೆಗೆಟಿವ್ ಬಂದಿದೆ. ನೀನು ಮಾತ್ರ ಪಾಸಿಟಿವ್ ಆಗಿರು" ಅಂದರು. ತಟ್ಟಿದ್ದು ಸರಿಯಾಗಿ ನೋವಿದ್ದ ಕಡೆಗೇ.

ರಾತ್ರಿ ಬೋರಲು ಮಲಗಿ ಸುಮ್ನೆ ಓದುತ್ತಾ ಹೋದೆ. ಬಾಲದ ಮೂಳೆಯ ಹೆಸರು ಕಾಕ್ಸಿಕ್ಸ್, ಅಂದರೆ ಗ್ರೀಕಿನಲ್ಲಿ ಕೋಗಿಲೆಯಂತೆ, ಆ ಮೂಳೆ ಅದರ ಕೊಕ್ಕಿನ ಹಾಗಿದೆ ಅಂತ. ಮಸಲ್ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ಇಲಿ. ಕಿವಿಯೊಳಗಿನ ಕಾಕ್ಲಿಯಾ ಅಂದರೆ ಬಸವನಹುಳು. ನಮ್ಮವರೇನು ಕಡಿಮೆಯೇ, ಕಾಲಿನಲ್ಲಿ ಮೀನಖಂಡ ಇಟ್ಟಿದ್ದಾರೆ. ಬಿದ್ದವನು ನಾನೊಬ್ಬನೇ ಅಲ್ಲ, ಇಡೀ ಮೃಗಾಲಯ.

ಅಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. ಉಳುಕು, ಚಳುಕು, ಸೆಳೆತ, ಜೋಮು, ಇಷ್ಟೇ ಸಾಕಿತ್ತು. "ಇಲ್ಲೇನಾ? ಇಲ್ಲೇನಾ?" ಎಂದು ಒತ್ತುತ್ತಾ ಬರುತ್ತಿದ್ದಳು. "ಹೂಂ" ಅಂದ ಕಡೆ ಕೈ ನಿಲ್ಲುತ್ತಿತ್ತು. ಆ ಕೈ ಹೋಗಿ ಎಷ್ಟೋ ವರ್ಷವಾಯಿತು.

ಈಗಷ್ಟೇ ಭಾವ ಬಂದರು. ಕೈಯಲ್ಲಿ ಅವರದೇ ಚೀಟಿ, ಮುಖ ಬಿಳಿಚಿಕೊಂಡಿತ್ತು. "ಬಾರ್ಬೊರಿಗ್ಮಸ್ ಅಂತ ಬರೆದಿದ್ದಾರೆ ಕಣೋ. ಉಳೀತೀನಾ?"

ಹೊಟ್ಟೆ ಗುಡುಗುಡು ಅನ್ನುವುದಕ್ಕೆ ಹಾಗಂತಾರೆ ಅಂತ ನಿನ್ನೆ ರಾತ್ರಿಯೇ ಓದಿದ್ದೆ. ಹೇಳಲಿಲ್ಲ. ಕನ್ನಡಕ ಏರಿಸಿಕೊಂಡು, ಚೀಟಿ ಇಸಿದುಕೊಂಡು, ಜೋರಾಗಿ ಓದಲು ಶುರುಮಾಡಿದೆ.