ಹಳದಿ, ಬಿಳಿ, ಕೆಂಪು ಮತ್ತು ಹೋಳಿಗೆ

ನನ್ನ ಮದುವೆಯ ಊಟಕ್ಕೆ ಬಡಿಸಿದ್ದು ಕಾಯಿ ಹೋಳಿಗೆಯೋ ಬೇಳೆ ಹೋಳಿಗೆಯೋ ಎಂಬ ಜಗಳ ಅಮ್ಮನಿಗೂ ಚಿಕ್ಕಮ್ಮನಿಗೂ ಇಪ್ಪತ್ತು ವರ್ಷದ ಹತ್ತಿರ ನಡೆದುಬಂದಿದೆ. ಮದುವೆಯಾದವಳು ನಾನೇ ಆದರೂ ನನ್ನ ಸಾಕ್ಷಿಗೆ ಬೆಲೆಯಿಲ್ಲ. ಆ ದಿನ ಬಾಯಿಗೆ ಹೋದದ್ದು ಏನೆಂದು ಯಾವ ಮದುಮಗಳಿಗೆ ನೆನಪಿರುತ್ತದೆ? ಮೊನ್ನೆ ಸಾಗರಕ್ಕೆ ಹೋದಾಗ ಚಿಕ್ಕಮ್ಮನೂ ಶಿರಸಿಯಿಂದ ಬಂದಿದ್ದಳು. ಮಾತು ಎಲ್ಲೆಲ್ಲೋ ಸುತ್ತಿ ಹೋಳಿಗೆಗೇ ಬಂದು ನಿಂತಿತು.

"ಡಿಸ್ಕ್ ಹಾಕಿ ನೋಡೇಬಿಡಣ. ನಿನ್ನ ಭಾವ ಪಂಕ್ತೀಲಿ ಕೂತು ಹೋಳಿಗೆ ಮುರಿಯೋದು ಅದ್ರಲ್ಲಿದೆ. ಹೂರಣದ ಬಣ್ಣ ನೋಡಿದ್ರೆ ಗೊತ್ತಾಗತ್ತೆ" ಎಂದಳು ಅಮ್ಮ. ಭಾವ, ಅಂದರೆ ನಮ್ಮಪ್ಪ, ಆರಾಮ ಕುರ್ಚಿಯಲ್ಲಿ ಪೇಪರ್ ಹಿಡಿದು ಅಲ್ಲೇ ಇದ್ದರು. ಅವರನ್ನೇ ಕೇಳಿದೆವು. "ಹೋಳಿಗೆ ನೆನಪಿಲ್ಲ. ತುಪ್ಪ ಕಮ್ಮಿ ಬಡಿಸಿದ್ರು, ಅದು ನೆನಪಿದೆ" ಎಂದು ಪುಟ ತಿರುಗಿಸಿದರು.

ದಿಂಬಿನ ಚೀಲದೊಳಗೆ ಸುತ್ತಿಟ್ಟಿದ್ದ ಡಿವಿಡಿ ಪ್ಲೇಯರ್ ಕಪಾಟಿನಿಂದ ಇಳಿಯಿತು. ಅದರ ಜೊತೆಗೇ ಆ ಮೂರು ಬಣ್ಣದ ವೈರು, ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡು ಕರಗಿ ಅಲ್ಲೇ ಅಂಟಿಕೊಂಡಿತ್ತು. ಡಿಸ್ಕಿನ ಮೇಲೆ ಸ್ಟುಡಿಯೋದವರ ಮಾರ್ಕರ್ ಅಕ್ಷರ: ಮದುವೆ 2006, ಭಾಗ 2. ಅಣ್ಣನ ಮಗ ಅದನ್ನು ತೆಗೆದುಕೊಂಡು ಹೊಳೆಯುವ ಕಡೆಗೇ ಹೆಬ್ಬೆಟ್ಟು ಒತ್ತಿದ. "ಅಂಚು ಹಿಡ್ಕಳೋ!" ಎಂದು ಅಮ್ಮ, ಚಿಕ್ಕಮ್ಮ, ನಾನು ಮೂವರೂ ಒಟ್ಟಿಗೆ ಕೂಗಿದೆವು. ಆ ದಿನ ನಾವು ಮೂವರೂ ಒಪ್ಪಿದ್ದು ಅದೊಂದೇ ವಿಷಯಕ್ಕೆ. ಅವನು ಇಂಜಿನಿಯರಿಂಗ್ ಓದುತ್ತಾನೆ. ಅವನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ.

ಹಳದಿ ಪಿನ್ನಿನಲ್ಲಿ ಚಿತ್ರ, ಬಿಳಿಯಲ್ಲಿ ಎಡಗಡೆಯ ಶಬ್ದ, ಕೆಂಪಿನಲ್ಲಿ ಬಲಗಡೆಯದು. ಇದನ್ನು ತಿಳಿದುಕೊಳ್ಳುವ ಅಗತ್ಯವೂ ಆಗ ಇರಲಿಲ್ಲ. ಹಳದಿಗೆ ಹಳದಿ, ಕೆಂಪಿಗೆ ಕೆಂಪು ಸಿಕ್ಕಿಸಿದರೆ ಮುಗಿಯಿತು. ಓದು ಬಾರದವರೂ ಮಾಡುತ್ತಿದ್ದರು. ಅಪ್ಪ ಹಳೆಯ ಡಬ್ಬಾ ಟಿವಿಯ ಹಿಂದೆ ತಲೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಸಿಕ್ಕಿಸುತ್ತಿದ್ದರು. ವೋಲ್ಟೇಜ್ ಇಲ್ಲದ ಸಂಜೆಗಳಲ್ಲಿ ಬಿಳಿಯೂ ಹಳದಿಯೂ ಒಂದೇ ಥರ ಕಂಡು ಅದಲುಬದಲಾಗುವುದಿತ್ತು. ಆಗ ಚಿತ್ರ ಇಲ್ಲ, ಸ್ಪೀಕರಿನಿಂದ ಮಾತ್ರ ಗುಂಯ್ ಎಂದು ದುಂಬಿಯ ಸದ್ದು. ಶಬ್ದದ ಬಾಗಿಲಿನಿಂದ ಚಿತ್ರ ನುಗ್ಗಿದರೆ ಹಾಗೇ ಕೂಗುತ್ತದೆ.

ಈಗಿನದು ಗೋಡೆಗೆ ಹಲ್ಲಿಯಂತೆ ಅಂಟಿದ 55 ಇಂಚಿನ ಟಿವಿ. ಹಿಂದೆ ಎರಡು ಬೆರಳು ಹೋದರೆ ಹೆಚ್ಚು. ಹುಡುಗ ಮೊಬೈಲನ್ನು ಸಂದಿಗೆ ತೂರಿಸಿ ವಿಡಿಯೋ ಮಾಡಿ ತಂದ; ನಾಲ್ವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಚಿತ್ರ, ಶಬ್ದ ಎರಡನ್ನೂ ಒಂದೇ ವೈರಿನಲ್ಲಿ ತಗೊಳ್ಳುವ ಎಚ್‌ಡಿಎಂಐ ಮೂರು, ಎರಡು ಯುಎಸ್‌ಬಿ, ಆಂಟೆನಾಕ್ಕೊಂದು, ಇಂಟರ್‌ನೆಟ್ ವೈರಿಗೊಂದು. ಹಳದಿ ಇಲ್ಲ, ಬಿಳಿ ಇಲ್ಲ. "ಕೆಂಪು ಇದೆಯಲ್ಲ ಅಲ್ಲಿ!" ಎಂದು ಅಮ್ಮ ತೋರಿಸಿದಳು. ಅದು ಶಬ್ದವನ್ನು ಬೆಳಕಾಗಿ ಹೊರಗೆ ಕಳಿಸುವ ಆಪ್ಟಿಕಲ್ ತೂತು. ಒಳಗಿನ ದೀಪ ಕೆಂಪಗೆ ಹೊಳೆಯುತ್ತಿತ್ತು, ಅಷ್ಟೆ.

ಪೇಟೆಗೆ ಹೋಗಿ "ಮೂರು ಪಿನ್ನಿಂದು, ಎಚ್‌ಡಿಎಂಐ ಬಾಕ್ಸ್ ಕೊಡಿ" ಎಂದೆ. ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಂದು ಮಗ್ಗುಲಿಗೆ ಮೂರು ಬಣ್ಣ, ಇನ್ನೊಂದಕ್ಕೆ ಎಚ್‌ಡಿಎಂಐ. ಎಲ್ಲ ಸಿಕ್ಕಿಸಿದೆವು. ನೋ ಸಿಗ್ನಲ್. ಬಿಚ್ಚಿ ಸಿಕ್ಕಿಸಿದೆವು. ನೋ ಸಿಗ್ನಲ್. ಒಂದು ಗಂಟೆಯ ಮೇಲೆ ಹುಡುಗ ಪೆಟ್ಟಿಗೆಯ ಮೇಲಿನ ಅಕ್ಷರ ಓದಿದ: ಎಚ್‌ಡಿಎಂಐ ಟು ಎವಿ. ಎವಿ ಅಂದರೆ ನಮ್ಮ ಮೂರು ಬಣ್ಣದ ಪಿನ್ನು. ನಮಗೆ ಬೇಕಿದ್ದದ್ದು ಎವಿ ಟು ಎಚ್‌ಡಿಎಂಐ. ತೂತುಗಳೆಲ್ಲ ಅವೇ, ಕೊಡುವವರು ಯಾರು, ತಗೊಳ್ಳುವವರು ಯಾರು ಎಂಬುದು ಮಾತ್ರ ತಿರುವುಮುರುವು. ಹೆಣ್ಣಿನ ಕಡೆಯವರನ್ನೂ ಗಂಡಿನ ಕಡೆಯವರನ್ನೂ ತಪ್ಪು ಚಪ್ಪರದಲ್ಲಿ ಕೂರಿಸಿದರೆ ಧಾರೆ ಎರೆಯುವುದು ಹೇಗೆ? ಅಂಗಡಿಯವರು ಐವತ್ತು ರೂಪಾಯಿ ಹೆಚ್ಚಿಗೆ ಹಿಡಿದು ಬದಲಿಸಿಕೊಟ್ಟರು. ತಪ್ಪು ಕೇಳಿದವಳು ನಾನೇ ಆದ್ದರಿಂದ ಚೌಕಾಸಿಗೆ ಬಾಯಿ ಬರಲಿಲ್ಲ.

ಹೊಸ ಪೆಟ್ಟಿಗೆಗೆ ಕರೆಂಟೂ ಬೇಕು, 5 ವೋಲ್ಟ್. ಅದನ್ನು ಟಿವಿಯ ಯುಎಸ್‌ಬಿಯಿಂದಲೇ ಎಳೆದೆವು. ಯೋಚಿಸಿದರೆ ನಗು ಬರುತ್ತದೆ. ಡಿಸ್ಕಿನಲ್ಲಿ ನನ್ನ ಮದುವೆ ಇರುವುದು ಅಂಕಿಗಳಾಗಿ. ಪ್ಲೇಯರ್ ಅದನ್ನು ಲೇಸರಿನಿಂದ ಓದಿ, ಹಳದಿ ವೈರಿಗೋಸ್ಕರ ವಿದ್ಯುತ್ತಿನ ಅಲೆ ಮಾಡುತ್ತದೆ. ಪೆಟ್ಟಿಗೆ ಆ ಅಲೆಯನ್ನು ಮತ್ತೆ ಅಂಕಿ ಮಾಡಿ ಟಿವಿಗೆ ಕೊಡುತ್ತದೆ. ತುಪ್ಪವನ್ನು ಪಾತ್ರೆಯಿಂದ ಪಾತ್ರೆಗೆ ಬದಲಿಸಿದ ಹಾಗೆ. ಪ್ರತಿ ಪಾತ್ರೆಗೂ ಒಂದಿಷ್ಟು ಮೆತ್ತಿಕೊಂಡು ಉಳಿಯುತ್ತದೆ. ಪ್ಲೇಯರಿನಲ್ಲೇ ಎಚ್‌ಡಿಎಂಐ ಇದ್ದವರಿಗೆ ಈ ಪಾಡಿಲ್ಲ, ಒಂದೇ ವೈರು.

ಚಿತ್ರ ಬಂತು. ಗುಲಾಬಿ ಹೂವೊಂದು ಬಿಚ್ಚಿಕೊಂಡು ಅದರೊಳಗಿಂದ ನನ್ನ ಮುಖ ಮೇಲೆದ್ದಿತು. ಮುಖ ಮಾತ್ರ ಕುಂಬಳಕಾಯಿ. "ಅಕ್ಕಾ, ನಾ ಇಷ್ಟು ದಪ್ಪ ಇರ್ಲಿಲ್ಲ!" ಎಂದಳು ಚಿಕ್ಕಮ್ಮ. ಸತ್ಯವೇ. ಹಳೆಯ ಚಿತ್ರದ ಅಗಲ-ಎತ್ತರದ ಅಳತೆ 4:3, ಟಿವಿಯದು 16:9. ಇದ್ದ ಜಾಗವನ್ನೆಲ್ಲ ತುಂಬಲು ಟಿವಿ ಎಲ್ಲರನ್ನೂ ಮೂರನೇ ಒಂದು ಪಾಲು ಅಗಲಿಸಿತ್ತು. ಸೆಟ್ಟಿಂಗ್ ಬದಲಿಸಿದ ಮೇಲೆ ನೆಂಟರೆಲ್ಲ ತೆಳ್ಳಗಾದರು, ಅಕ್ಕಪಕ್ಕ ಎರಡು ಕಪ್ಪು ಪಟ್ಟಿ ಬಂತು. ನನ್ನ ಗಂಡ ದಪ್ಪಗಿದ್ದಾಗಲೇ ಚೆನ್ನಾಗಿದ್ದ.

ಆದರೂ ಏನೋ ಮಸುಕು. ಡಿವಿಡಿಯ ಒಂದು ಚಿತ್ರದಲ್ಲಿ ಇರುವುದು 720ಕ್ಕೆ 576, ಅಂದರೆ ಸುಮಾರು 4 ಲಕ್ಷ ಚುಕ್ಕಿ. ಈ ಟಿವಿಯ ಮೈತುಂಬ ಇರುವುದು ಸುಮಾರು 83 ಲಕ್ಷ. ಉಳಿದ ಚುಕ್ಕಿಗಳನ್ನು ಅದು ಊಹೆಯ ಮೇಲೆ ತುಂಬಿಕೊಳ್ಳುತ್ತದೆ, ನಮ್ಮ ಚಿಕ್ಕಮ್ಮ ಬೇರೆಯವರ ಮನೆ ಸುದ್ದಿ ಹೇಳುವ ಹಾಗೆ.

ನಲವತ್ತು ನಿಮಿಷ ಧಾರೆ, ಸಪ್ತಪದಿ ಎಲ್ಲ ನೋಡಿ ಪಂಕ್ತಿಗೆ ಬಂದೆವು. ಬಾಳೆಲೆಗಳ ಸಾಲು ದಾಟಿ ಕ್ಯಾಮೆರಾ ಅಪ್ಪನ ಎದುರು ನಿಂತಿತು. ಎಲೆಯ ಮೇಲೆ ಹಳದಿ ವೃತ್ತ. ಅಪ್ಪನ ಕೈ ಅದರ ಅಂಚು ಹಿಡಿಯಿತು. ಅಮ್ಮ ಕನ್ನಡಕ ಏರಿಸಿಕೊಂಡು ಎದ್ದು ಟಿವಿ ಹತ್ತಿರ ಹೋದಳು. ಹೋಳಿಗೆ ಮುರಿಯಿತು, ಸರಿಯಾಗಿ ಆಗಲೇ ಎಡಬಲದಿಂದ ಎರಡು ಕೆಂಪು ಹೃದಯಗಳು ಬಂದು ಪರದೆ ಮುಚ್ಚಿದವು. ತೆರೆದಾಗ ಯಾರೋ ಹುಡುಗ ಐಸ್‌ಕ್ರೀಮ್ ತಿನ್ನುತ್ತಿದ್ದ.

"ಬೆಳ್ಳಗಿತ್ತು, ಕಾಯಿ" ಎಂದಳು ಅಮ್ಮ.

"ಹಳದಿ ಇತ್ತಕ್ಕ, ಬೇಳೆ."

"ಹಿಂದೆ ಹಾಕೇ."

ಪ್ಲೇಯರಿನ ರಿಮೋಟು ಎಂದೋ ಕಳೆದಿದೆ. ಮೈಮೇಲಿರುವುದು ಮೂರೇ ಗುಂಡಿ: ಓಡಿಸು, ನಿಲ್ಲಿಸು, ಹೊರಗೆ ತೆಗೆ. ನಿಲ್ಲಿಸಿ ಓಡಿಸಿದೆ. ಗುಲಾಬಿ ಹೂವಿನೊಳಗಿಂದ ನಾನು ಮತ್ತೆ ಮೇಲೆದ್ದೆ.